ಮಾಯಾ ಕಲ್ಲುಗಳ ಮುಂದೆ ನಮ್ಮ ಅಂಕಲ್

ಅಮೆರಿಕದ ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನ ಅಂಕಲ್ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗದೆ ಇರುವುದಿಲ್ಲ. ನಾರ್ತ್‌ವಿಲ್‌ನ ನಮ್ಮ ಮನೆಯ ಗೃಹಪ್ರವೇಶದಲ್ಲೂ ಆಗಿತ್ತು. ಆದರೂ ಬುದ್ಧಿ ಬರದೆ, ಮಗಳ ಸ್ಕೂಲ್ ರಜೆಯಲ್ಲಿ ನಾನೂ ಅವಳೂ ಮೆಕ್ಸಿಕೋಗೆ ಹೊರಟಾಗ ಅಂಕಲ್-ಆಂಟಿಯನ್ನೂ ಕರೆದುಕೊಂಡು ಹೋದೆವು. ಕಾರಿನ ಬ್ರೇಕ್ ಡಿಸೈನ್ ಮಾಡಿಯೇ ರಿಟೈರ್ ಆದ ಅಂಕಲ್‌ಗೆ ತಮ್ಮ ಮಾತಿಗೆ ಮಾತ್ರ ಬ್ರೇಕ್ ಹಾಕಲು ಬರುವುದಿಲ್ಲ.

ಸೊಂಡಿಲು

ಕಾಡಿನ ನಡುವೆ ಮಾಯಾ ಜನರ ಹಳೆಯ ದೇವಸ್ಥಾನ. ಮೆಟ್ಟಿಲು ಮೆಟ್ಟಿಲಾದ ಪಿರಮಿಡ್ಡು, ಸುತ್ತ ಆಳೆತ್ತರದ ಕೆತ್ತನೆ ಕಲ್ಲುಗಳು. ಗೈಡ್ ಪಕ್ಕದ ಹಳ್ಳಿಯ ಮಾಯಾ ಯುವತಿ. ಆಕೆ ಬಾಯಿ ತೆರೆಯುವ ಮುಂಚೆಯೇ ಅಂಕಲ್ ಗೋಡೆಯ ಮೇಲಿನ ಮುಖ ತೋರಿಸಿ, "ನೋಡಯ್ಯಾ, ಸೊಂಡಿಲು! ನಮ್ಮ ಗಣಪತಿ. ಮಾಯಾ ಅಂದ್ರೆ ಯಾರು? ನಮ್ಮ ಮಯಾಸುರ! ಇದೆಲ್ಲ ಕಟ್ಟಿದ್ದು ನಮ್ಮವರೇ" ಅಂದರು. ಅದನ್ನೇ ಇಂಗ್ಲಿಷಿನಲ್ಲಿ ಗೈಡ್‌ಗೂ ಹೇಳಿದರು.

"ಅದು ಮಳೆದೇವರ ಮೂಗು ಸರ್. ಇಲ್ಲಿ ಆನೆಗಳೇ ಇರಲಿಲ್ಲ."

"ಅದೇ ಪ್ರೂಫ್! ಆನೆ ಇಲ್ಲದ ಊರಿಗೆ ಸೊಂಡಿಲು ಎಲ್ಲಿಂದ ಬಂತು?"

ಮಗಳು ನನ್ನ ಕಿವಿಯಲ್ಲಿ, "ಅಪ್ಪಾ, ಪ್ಲೀಸ್ ಮೇಕ್ ಹಿಮ್ ಸ್ಟಾಪ್" ಅಂದಳು. ನಲವತ್ತು ವರ್ಷದಿಂದ ಆಂಟಿ ಕೈಲೇ ಆಗದ್ದು ನನ್ನ ಕೈಲಾಗುತ್ತಾ?

ಪ್ರದಕ್ಷಿಣೆ

ಆಂಟಿಗೆ ವಾದ ಬೇಡ, ಪುಣ್ಯ ಸಾಕು. ಮಂಡಿಯೂರಿ ಕೈ ಜೋಡಿಸಿದ ಒಂದು ಕಲ್ಲಿನ ಮೂರ್ತಿ ಕಂಡದ್ದೇ, "ಆಂಜನೇಯ!" ಎಂದು ಪ್ರದಕ್ಷಿಣೆ ಶುರು ಮಾಡಿದರು. ಅದೇ ಅಲ್ಲಿನ ಪದ್ಧತಿ ಅಂದುಕೊಂಡು ನಾಲ್ಕು ಜನ ಅಮೆರಿಕನ್ ಟೂರಿಸ್ಟರೂ ಕೈ ಮುಗಿದು ಹಿಂದೆ ಹೊರಟರು.

ಗೈಡ್ ಮೆಲ್ಲಗೆ ಹೇಳಿದಳು: "ಅವನು ಯುದ್ಧದಲ್ಲಿ ಸೆರೆ ಸಿಕ್ಕವನು. ಕೈ ಮುಗಿದಿಲ್ಲ, ಕಟ್ಟಿದ್ದಾರೆ. ಆಮೇಲೆ ತಲೆ ಕಡಿದರು."

"ಅಯ್ಯೋ ಪಾಪ!" ಎಂದು ಆಂಟಿ ಇನ್ನೆರಡು ಸುತ್ತು ಜಾಸ್ತಿ ಹಾಕಿದರು. ಅಮೆರಿಕನ್ನರೂ ಹಾಕಿದರು.

ಮೆಣಸಿನಕಾಯಿ

ಮಧ್ಯಾಹ್ನ ಮರದ ಕೆಳಗೆ ಆಂಟಿ ಪುಳಿಯೋಗರೆ ಡಬ್ಬಿ ತೆಗೆದು ಗೈಡ್‌ಗೂ ಕೊಟ್ಟರು. ಆಕೆ ಒಣಮೆಣಸಿನಕಾಯಿ ಎತ್ತಿ ಹಿಡಿದು, "ಇದು ನಮ್ಮ ಕಡೆಯಿಂದ ನಿಮ್ಮ ದೇಶಕ್ಕೆ ಹೋದದ್ದು" ಎಂದು ನಕ್ಕಳು.

"ಬ್ಯಾಡಗಿ ಯಾವ ದೇಶದಲ್ಲಿದೆ ಕೇಳು ಅವಳನ್ನ!" ಎಂದು ಅಂಕಲ್ ರೇಗಿದರು. ಮಗಳು ಫೋನಿನಲ್ಲಿ ಹುಡುಕಿ, "ಶೀ ಈಸ್ ರೈಟ್, ಅಂಕಲ್" ಎಂದು ತೋರಿಸಿದಳು. ತಾವೇ ಒಂದು ಕಾಲದಲ್ಲಿ ಡೆಟ್ರಾಯಿಟ್‌ಗೆ ಪರದೇಶಿಯಾಗಿ ಬಂದಿಳಿದ ಅಂಕಲ್, ಆ ಮೆಣಸಿನಕಾಯಿಯನ್ನು ಪರದೇಶಿಯನ್ನು ನೋಡುವ ಹಾಗೆ ನೋಡಿ ತಟ್ಟೆಯ ಅಂಚಿಗೆ ತಳ್ಳಿದರು.

ನೆಂಟರು

ಹೊರಗೆ ಗೇಟಿನ ಹತ್ತಿರ ಗೈಡ್‌ನ ಅಜ್ಜಿ ಕಸೂತಿ ಬಟ್ಟೆ ಮಾರುತ್ತಾ ಕೂತಿದ್ದರು. "ಈ ಹುಡುಗಿಗೇನು ಗೊತ್ತು, ಹಿರಿಯರಿಗೆ ಹೇಳ್ತೀನಿ" ಎಂದು ಅಂಕಲ್ ಅವರ ಮುಂದೆ ನಿಂತು, ಭಾರತದಿಂದ ಹಡಗು ಹೊರಟಲ್ಲಿಂದ ಹಿಡಿದು ಪಿರಮಿಡ್ಡಿನ ತುದಿಯ ಕಲ್ಲಿನವರೆಗೂ ಹೇಳಿದರು. ಮೊಮ್ಮಗಳು ಒಂದೂ ಬಿಡದೆ ಮಾಯಾ ಭಾಷೆಯಲ್ಲಿ ತಿಳಿಸಿದಳು. ಅಜ್ಜಿ ತಲೆಯಾಡಿಸುತ್ತಾ ಕೇಳಿದರು.

"ನೋಡು, ಒಪ್ಕೊಂಡ್ರು!" ಅಂಕಲ್ ನನ್ನ ಬೆನ್ನು ತಟ್ಟಿದರು.

ಆಮೇಲೆ ಅಜ್ಜಿ ಏನೋ ಹೇಳಿದರು. ಗೈಡ್‌ಗೆ ನಗು ತಡೆಯಲಾಗಲಿಲ್ಲ.

"ಅಜ್ಜಿ ಹೇಳ್ತಾರೆ, ನೀವು ನಮ್ಮ ನೆಂಟರು ಅಂತ ಕೇಳಿ ಸಂತೋಷ ಆಯ್ತಂತೆ. ಆದರೆ ಸ್ಪೇನಿನವರು ಬಂದು ನಮ್ಮನ್ನು ಹೊಡೆದು ಬಡಿದಾಗ ನೀವೆಲ್ಲ ಎಲ್ಲಿ ಹೋಗಿದ್ರಿ? ಈಗ ಇಷ್ಟು ವರ್ಷದ ಮೇಲೆ ಬಂದಿದೀರಿ, ಅದೂ ಬರಿಗೈಲಿ!"

ಅಂಕಲ್ ಗೈಡ್ ಕಡೆ ಬಗ್ಗಿ, "ಆಗ ವೀಸಾ ಸಿಗ್ತಿರಲಿಲ್ಲ ಅಂತ ಹೇಳಮ್ಮಾ" ಅಂದರು.