ಭೋಗ್ಯಕ್ಕೆ ಬಂದ ಕಾರು

ನನ್ನ ಮಾವನಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಅದೊಂದೇ ಕಾರಣ! ಮನೆಯಲ್ಲಿ ಕನ್ನಡದಲ್ಲೇ ಗದರುತ್ತಾರೆ, ಕನ್ನಡದಲ್ಲೇ ಹರಕೆ ಹೊರುತ್ತಾರೆ. ಅಕ್ಷರ ಮಾತ್ರ ತಮಿಳು. ತಮಿಳುನಾಡಿನ ನಮ್ಮ ಕಡೆ ಕನ್ನಡದವರಲ್ಲಿ ಮುಕ್ಕಾಲು ಪಾಲು ಜನ ಹೀಗೇ. ನನ್ನ ಅಮ್ಮ ಕೊಳ್ಳೇಗಾಲದಿಂದ ಸೊಸೆಯಾಗಿ ಬಂದವಳಾದ್ದರಿಂದ ನನಗೆ ಈ ಲಿಪಿ ದಕ್ಕಿತು. ಅದನ್ನು ಈಗ ಮಾವನ ಮೇಲೆ ಪ್ರಯೋಗಿಸುತ್ತಿದ್ದೇನೆ.

ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ಪಲ್ಲಡಂನಲ್ಲಿ ಪವರ್‌ಲೂಮ್ ಶೆಡ್ಡು ಇಟ್ಟಿದ್ದಾರೆ. ಯಾರಾದರೂ ಯಾವುದಕ್ಕಾದರೂ ಒಂದು ಬೆಲೆ ಹೇಳಿದರೆ ಅದು ಬೆಲೆಯಲ್ಲ, ಮಾತುಕತೆಯ ಪೀಠಿಕೆ ಎಂದು ನಂಬಿದವರು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವವರನ್ನು ನೀವೂ ನೋಡಿರುತ್ತೀರಿ. ಶನಿಯ ಹತ್ತಿರ ಚೌಕಾಸಿ ಮಾಡಿದವರನ್ನು ನೋಡಿದ್ದೀರಾ? ಜ್ಯೋತಿಷಿಯೊಬ್ಬರು ಜಾತಕ ಬಿಡಿಸಿ, ಸಾಡೇಸಾತಿ ಶುರುವಾಗಿದೆ, ಏಳೂವರೆ ವರ್ಷ ಎಂದರು. ಮಾವ ಹೆಗಲ ಟವಲು ಸರಿಮಾಡಿಕೊಂಡು, "ಏನುಂಗ ಜೋಸ್ಯರೆ, ನಾನು ಹಳೇ ಗಿರಾಕಿ. ಒಂದು ಐದಕ್ಕೆ ಮುಗಿಸ್ಕೊಡಿ" ಎಂದರು! ಜ್ಯೋತಿಷಿಯೂ ಸಂಸಾರಸ್ಥರು. ಬಹಳ ಹೊತ್ತು ಪಂಚಾಂಗ ತಿರುವಿ, "ಕಡೇ ಒಂದೂವರೆ ವರ್ಷ ಅಷ್ಟು ಜೋರಿರೋದಿಲ್ಲ" ಎಂದು ಬಿಟ್ಟುಕೊಟ್ಟರು. ಮಾವ ಗೆದ್ದು ಮನೆಗೆ ಬಂದರು.

ಇನ್ನು ಶೆಡ್ಡಿಗೆ ನೂಲಿನ ಮೂಟೆ ಬಂತೆಂದರೆ ಇಳಿಸುವ ಕೂಲಿಗೆ ಜಗ್ಗಾಟ. ಶೆಡ್ಡು ಹಾಕಿದ ಹೊಸತರಲ್ಲಿ ಮೂಟೆ ಹೊರುವವರು ಅರ್ಧ ಗಂಟೆ ಇವರ ಮಾತು ಕೇಳಿ, ಬೇಸತ್ತು, ಮೂಟೆಗಳನ್ನು ಬೀದಿಯಲ್ಲೇ ಇಳಿಸಿ ಹೋಗಿಬಿಡುತ್ತಿದ್ದರಂತೆ. ಮಾವನೂ ಅಷ್ಟೇ ಕೋಪದಿಂದ ಪೇಟೆ ಕಡೆ ಹೋಗುವುದು. ಸಂಜೆ ಬಂದು ನೋಡಿದರೆ ಮೂಟೆಗಳೆಲ್ಲ ಶೆಡ್ಡಿನೊಳಗೆ! "ನೋಡ್ದಾ ಅಮ್ಮಿಣಿ, ಒಂದು ಕಾಸು ಖರ್ಚಿಲ್ದೆ ವೇಲೆ ಮುಗ್ದೋಯ್ತು" ಎಂದು, ನನ್ನನ್ನು ಮುದ್ದಿಗೆ ಅಮ್ಮಿಣಿ ಎಂದೇ ಕರೆಯುವ ಮಾವ, ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದಾರೆ. ನಾವೂ ಪ್ರತಿ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ.

ಮಾವ ಸೋತದ್ದು ಒಬ್ಬ ಡಾಕ್ಟರ ಮುಂದೆ. ಹೋದ ವರ್ಷ ಅತ್ತೆಯ ಬೆನ್ನಿಗೆ ಆಪರೇಷನ್ ಆಯಿತು. "ಆರು ತಿಂಗಳು ಕುಲುಕಾಟವೇ ಆಗಬಾರದು" ಎಂದರು ಡಾಕ್ಟರು. ಮಾವ ಅಭ್ಯಾಸಬಲದಿಂದ, "ನಾಲ್ಕು ಮಾಡ್ಕೊಳಿ ಸಾರ್" ಎಂದರು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಸರಿ, ಎಂಟು" ಎಂದರು. ಮಾವ ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು.

ಎಂಟು ತಿಂಗಳೂ ಕಳೆಯಿತು. ಅತ್ತೆ ಮನೆಯೊಳಗೆ ಓಡಾಡುವಂತಾದರು. ಆದರೆ ಗಾಡಿ ಹತ್ತಿದರೆ ರಸ್ತೆಯ ಒಂದೊಂದು ಹಂಪಿಗೂ ಜೀವ ಹೋಗುವ ನೋವು. ಅತ್ತೆಗೆ ಬೇರೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಕಾರಮಡೈಗೆ ಮಾತ್ರ ಹೋಗಬೇಕಾಗಿತ್ತು. ಅಲ್ಲಿ ನಮ್ಮಪ್ಪನ ಮನೆಯಲ್ಲಿ ಅಜ್ಜಿ ಇದ್ದಾಳೆ, ಅಂದರೆ ಅತ್ತೆಯ ತಾಯಿ. ಮಂಡಿ ಕೆಟ್ಟು ಹೊಸ್ತಿಲು ದಾಟಲಾರದ ಮುದುಕಿ. ಸಂಜೆಯಾದರೆ ವೀಡಿಯೊ ಕಾಲ್ ಮಾಡಿಸುತ್ತಾಳೆ. ಫೋನು ಹಿಡಿಯಲು ಬಾರದೆ ನಮಗೆ ಕಾಣುವುದು ಅವಳ ಹಣೆ ಮತ್ತು ಫ್ಯಾನು ಮಾತ್ರ. "ಯಾವಾಗ ಬತ್ತೀಯ ಕಣ್ಣು?" ಎಂದು ಹಣೆ ಕೇಳುತ್ತದೆ. "ಬತ್ತೀನಿ ಅವ್ವಾ, ನಾಳೆ ನಾಳಿದ್ದು" ಎಂದು ಅತ್ತೆ ಫ್ಯಾನಿಗೆ ಹೇಳುತ್ತಾರೆ.

ಒಮ್ಮೆ ಬಾಡಿಗೆ ಕಾರು ಮಾಡಿ ಹೊರಟದ್ದೂ ಆಯಿತು. ಸೂಲೂರು ದಾಟುವ ಮೊದಲೇ ಅತ್ತೆ ಸೆರಗು ಕಚ್ಚಿಕೊಂಡು ಅಳು ನುಂಗುತ್ತಿದ್ದರು. ಹಿಂದಕ್ಕೆ ತಿರುಗಿಸಿದೆವು. ಅರ್ಧ ದಾರಿಗೆ ಅರ್ಧ ಬಾಡಿಗೆ ಎಂಬ ಜಗಳಕ್ಕೆ ನಾನು ಮನಸ್ಸಿನಲ್ಲೇ ಸಿದ್ಧಳಾಗಿದ್ದೆ. ಮಾವ ಪೂರ್ತಿ ದುಡ್ಡು ಕೊಟ್ಟು ಒಳಗೆ ಹೋದರು. ನನಗೆ ಗಾಬರಿಯಾಯಿತು.

ಹೀಗಿರುವಾಗ ತಿರುಪ್ಪೂರಿನ ಬನಿಯನ್ ಮುದಲಾಳಿ, ಅಂದರೆ ಕಾರ್ಖಾನೆ ಯಜಮಾನರೊಬ್ಬರು ಮಾವನನ್ನು ತಮ್ಮ ದೊಡ್ಡ ಕಾರಿನಲ್ಲಿ ಮನೆಗೆ ಬಿಟ್ಟುಹೋದರು. ಮಾವ ಅವತ್ತೇ ನನಗೆ ಫೋನು ಮಾಡಿದರು.

"ಅಮ್ಮಿಣಿ, ಅದು ವಂಡಿಯಲ್ಲ, ತೊಟ್ಲು! ಹಂಪು ಬಂದದ್ದೇ ತಿಳೀಲಿಲ್ಲ. ಕೇಳು, ಆ ಮುದಲಾಳಿ ಅದನ್ನ ಕ್ರಯಕ್ಕೆ ತಕ್ಕೊಂಡಿಲ್ಲ. ಲೀಸು!"

"ಲೀಸು ಅಂದ್ರೆ ಏನು ಅಂತ ಗೊತ್ತಾ ಮಾವ?"

"ನನಗೇ ಕೇಳ್ತೀಯಾ? ಮದುವೆ ಆದ ಹೊಸದ್ರಲ್ಲಿ ನಾವಿದ್ದ ಮನೆ ಲೀಸು. ಈಗ ನಮ್ಮ ಮಹಡಿ ಮನೆ ಕೊಟ್ಟಿರೋದೂ ಲೀಸು. ಲೀಸಲ್ಲೇ ಕೂದಲು ನರೆತೋಯ್ತು!"

ನಿಮಗೆ ಅರ್ಥವಾಯಿತಲ್ಲ? ನಮ್ಮಲ್ಲಿ ಲೀಸು ಎಂದರೆ ಭೋಗ್ಯ. ಒಂದು ದೊಡ್ಡ ಮೊತ್ತ ಮನೆಯವರ ಕೈಗಿಟ್ಟು, ಬಾಡಿಗೆಯಿಲ್ಲದೆ ಮೂರು ವರ್ಷ ಇದ್ದು, ಖಾಲಿ ಮಾಡುವ ದಿನ ಕೊಟ್ಟ ದುಡ್ಡನ್ನು ಕಾಸೂ ಬಿಡದೆ ವಾಪಸ್ ಪಡೆಯುವುದು. ಮಾವನ ಪ್ರಕಾರ ಕಾರಿಗೂ ಅದೇ ಶಾಸ್ತ್ರ. ಶೆಡ್ಡಿನ ಹಿಂದಿನ ಸೈಟು ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಅದನ್ನು ಕೊಡುವುದು, ಮೂರು ವರ್ಷ ಅತ್ತೆಯನ್ನು ತೊಟ್ಟಿಲಲ್ಲಿ ಕಾರಮಡೈಗೆ ತೂಗಿಕೊಂಡು ಹೋಗುವುದು, ಆಮೇಲೆ ಕಾರು ಅವರಿಗೆ, ದುಡ್ಡು ಇವರಿಗೆ! ನಾನು ಕೊಯಮತ್ತೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಹಾಗಲ್ಲ ಎಂದು ಹೇಳಿದೆ. ಕೇಳಬೇಕಲ್ಲ! "ನೀ ಬಾ, ಇಂಗ್ಲಿಷ್ ನೋಡ್ಕೋ. ಲೀಸು ನಾ ನೋಡ್ಕೋತೀನಿ" ಎಂದರು.

ಅವಿನಾಶಿ ರಸ್ತೆಯ ಆ ಶೋರೂಮಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮಾವ ಚಪ್ಪಲಿ ಹೊರಗೇ ಬಿಟ್ಟರು. ಕೈಯಲ್ಲೊಂದು ಬಟ್ಟೆ ಚೀಲ. ಟೈ ಕಟ್ಟಿದ ಮ್ಯಾನೇಜರು ಕಾರಿನ ಗುಣಗಾನ ಶುರು ಮಾಡಿದರೆ ಮಾವ, "ಓಡ್ಸಿ ತೋರ್ಸಿ" ಎಂದರು. ಮಾತೆಲ್ಲ ತಮಿಳಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ. ಕಾರು ಹೊರಟ ಮೇಲೆ ಮಾವ ಚೀಲದಿಂದ ಸ್ಟೀಲ್ ಲೋಟ ತೆಗೆದು, ಬಾಟಲಿಯಿಂದ ಮಜ್ಜಿಗೆಯನ್ನು ಕಂಠಮಟ್ಟ ಸುರಿದು, ಹಿಂದಿನ ಸೀಟಿನ ನಡುಮಧ್ಯೆ ಇಟ್ಟರು.

"ಸಾರ್! ಲೆದರ್ ಸೀಟು ಸಾರ್!" ಎಂದು ಮ್ಯಾನೇಜರು ಚೀರಿದರು.

"ಚೆಲ್ಲಿದ್ರೆ ನಿಮ್ಮ ವಂಡಿ ಸರಿ ಇಲ್ಲ ಅಂತ ಅರ್ಥ. ಚೆಲ್ದಿದ್ರೆ ನಿಮಗ್ಯಾಕೆ ಭಯ?" ಎಂದರು ಮಾವ.

ಹಂಪುಗಳಿಗೇ ಹೆಸರಾದ ಒಂದು ಹಳ್ಳಿ ದಾರಿಯಲ್ಲಿ ಕಾರು ಓಡಿಸಿದರು. ಒಂದೊಂದು ಹಂಪಿಗೂ ಮ್ಯಾನೇಜರು ಹಿಂದೆ ತಿರುಗಿ ಲೋಟ ನೋಡುವುದು, ಬೆವರು ಒರೆಸುವುದು. ಒಂದು ಹನಿಯೂ ಚೆಲ್ಲಲಿಲ್ಲ. ಮಾವನ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಆದರೆ ವಸ್ತು ಹಿಡಿಸಿತೆಂದು ಮಾರುವವನಿಗೆ ತೋರಿಸಿದರೆ ಬೆಲೆ ಏರುತ್ತದಲ್ಲ! ಮಜ್ಜಿಗೆಯನ್ನು ಗಟಗಟ ಕುಡಿದು, ಮುಖ ಸಪ್ಪೆ ಮಾಡಿ, "ಉಪ್ಪು ಕಮ್ಮಿ" ಎಂದರು.

ಇನ್ನು ಲೀಸಿನ ಮಾತು. ಮ್ಯಾನೇಜರು ತಿಂಗಳಿಗೆ ಇಷ್ಟು ಎಂದೊಡನೆ ಮಾವ ಕೈ ಅಡ್ಡ ಹಿಡಿದರು.

"ತಿಂಗಳಾ? ತಿಂಗಳಿಗೆ ಕೊಟ್ರೆ ಅದು ಬಾಡಿಗೆ. ನಾ ಕೇಳ್ತಿರೋದು ಲೀಸು."

"ಇದೇ ಲೀಸು ಸಾರ್."

"ಮೂರು ವರ್ಷ ಆದ್ಮೇಲೆ ವಂಡಿ ಯಾರದು?"

"ಕಂಪನಿದು ಸಾರ್."

"ನಾ ವಂಡಿ ವಾಪಸ್ ಕೊಡ್ತೀನಲ್ಲ, ನೀವು ದುಡ್ಡು ವಾಪಸ್ ಕೊಡ್ಬೇಕಲ್ಲ? ನಾ ನಿಮ್ಮ ವಸ್ತು ಇಟ್ಕೊಳೋದಿಲ್ಲ, ನೀವು ನನ್ನ ವಸ್ತು ಇಟ್ಕೊಳ್ಬೇಡಿ. ಇದರಲ್ಲಿ ಏನು ತಪ್ಪಿದೆ ಹೇಳಿ?"

ಮ್ಯಾನೇಜರು ನನ್ನ ಮುಖ ನೋಡಿದರು. ಏನು ತಪ್ಪಿದೆ? ಇಂಗ್ಲಿಷ್ ಎಂ.ಎ. ಮಾಡಿದ ನನಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ!

ಆಮೇಲೆ ಮಾವ ತಮ್ಮ ಬ್ರಹ್ಮಾಸ್ತ್ರ ತೆಗೆದರು. ಅಂದರೆ, ಎದ್ದು ನಡೆದರು. ಜವಳಿ ಅಂಗಡಿಯಲ್ಲಿ ಹೀಗೆ ಎದ್ದರೆ ಮೆಟ್ಟಿಲು ಇಳಿಯುವುದರೊಳಗೆ "ಬಾಂಗ, ಬಾಂಗ" ಎಂದು ಕರೆದೇ ಕರೆಯುತ್ತಾರೆ. ಇಲ್ಲಿ ಗಾಜಿನ ಬಾಗಿಲು ತಾನಾಗಿಯೇ ತೆರೆದು, ಮಾವನನ್ನು ಬಹಳ ಮರ್ಯಾದೆಯಿಂದ ಹೊರಗೆ ಬಿಟ್ಟು ಮುಚ್ಚಿಕೊಂಡಿತು. ಮಾವ ಬಿಸಿಲಿನಲ್ಲಿ ಎಳನೀರಿನ ಗಾಡಿಯ ಪಕ್ಕ ನಿಂತು, ಓರೆಗಣ್ಣಿನಲ್ಲಿ ಬಾಗಿಲನ್ನೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಮ್ಯಾನೇಜರು ಮೆಲ್ಲಗೆ, "ಸಾರ್ ಯಾರಿಗೋ ಕಾಯ್ತಿರೋ ಹಾಗಿದೆ" ಎಂದರು.

"ನಿಮಗೇ" ಎಂದೆ.

ಲೀಸಿನ ಗುಟ್ಟನ್ನು ಕೊನೆಗೆ ಬಿಡಿಸಿ ಹೇಳಿದವರು ಅತ್ತೆ. ಮಂಚದ ಮೇಲೆ ಒರಗಿಕೊಂಡು ಎಲ್ಲ ಕೇಳಿ, "ಮನೆ ಸವೆಯಲ್ಲ, ಅದಕ್ಕೆ ದುಡ್ಡು ವಾಪಸ್ ಕೊಡ್ತಾರೆ. ವಂಡಿ ಓಡಿದಷ್ಟೂ ಸವೆಯುತ್ತಲ್ಲ? ಆ ಸವೆದದ್ದಕ್ಕೆ ತಿಂಗಳ ತಿಂಗಳ ಕೇಳ್ತಾರೆ. ಅಷ್ಟೇ ತಾನೆ?" ಎಂದರು. ಮಾವ ಗೋಡೆ ನೋಡುತ್ತಾ, "ಅದನ್ನ ಆ ಟೈ ಕಟ್ದೋನು ಹೇಳ್ಬೇಕಾಗಿತ್ತು" ಎಂದು ಗೊಣಗಿದರು.

ಆದರೆ ಸವೆತದ ಲೆಕ್ಕ ಒಮ್ಮೆ ತಲೆಗೆ ಹೋಯಿತೋ, ಮಾವನನ್ನು ಹಿಡಿಯುವವರೇ ಇಲ್ಲ! ತಿಂಗಳ ಕೊನೆಗೆ ಸರಿಯಾಗಿ ಎರಡನೇ ದಂಡಯಾತ್ರೆ. ಯಾಕೆ ತಿಂಗಳ ಕೊನೆ? ನೂಲಿನ ಏಜೆಂಟರಿಗೆ ಟಾರ್ಗೆಟ್ ಇರುವ ಹಾಗೆ ಇವರಿಗೂ ಇರುತ್ತದಂತೆ. "ಹೊಸ ವಂಡಿ ಬೇಡ. ಅವತ್ತು ನಮ್ಮ ಮಜ್ಜಿಗೆ ಹೊತ್ಕೊಂಡು ಓಡಿದ ವಂಡಿನೇ ಕೊಡಿ. ಅದಾಗ್ಲೇ ಒಂದಿಷ್ಟು ಸವೆದದೆ, ಕಮ್ಮಿ ಮಾಡಿ" ಎಂದರು. ಕಮ್ಮಿಯಾಯಿತು. ವರ್ಷಕ್ಕೆ ಇಷ್ಟು ಕಿಲೋಮೀಟರು ಎಂಬ ಮಿತಿ ಇದೆ, ಮೀರಿದರೆ ದಂಡ ಎಂದರು ಮ್ಯಾನೇಜರು. "ಅಷ್ಟು ಯಾರು ಓಡ್ತಾರೆ? ನಾನೇನು ಡೆಲ್ಲಿಗೆ ಹೋಗ್ತೀನಾ? ಕಾರಮಡೈಗೆ ಹೋಗಿ ಬರೋದು. ಅರ್ಧ ಮಾಡಿ, ಅರ್ಧದ ಸವೆತ ಇಳಿಸಿ!" ಮ್ಯಾನೇಜರು ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಅದೂ ಆಯಿತು. ಕಾಲುಹಾಸು ಪುಕ್ಕಟೆ, ಪುಟ್ಟ ಗಣಪತಿ ಪುಕ್ಕಟೆ. ಕೊನೆಗೆ ಮ್ಯಾನೇಜರು ಟೈ ಸಡಿಲಿಸಿ, "ಅಕ್ಕಾ, ಸಾರ್ ಕೆಲಸಕ್ಕೆ ಸಿಗ್ತಾರಾ?" ಎಂದು ನನ್ನನ್ನು ಕೇಳಿದರು.

ಉಳಿದದ್ದು ಒಂದೇ ಷರತ್ತು. ನಾನೇ ಓದಿ ಕನ್ನಡದಲ್ಲಿ ಹೇಳಿದೆ: "ವಾಪಸ್ ಕೊಡೋ ದಿನ ಕಾರನ್ನ ಪರೀಕ್ಷೆ ಮಾಡ್ತಾರೆ ಮಾವ. ಸಹಜವಾಗಿ ಸವೆದಿದ್ರೆ ಪರವಾಗಿಲ್ಲ. ಇಟ್ಟುಕೊಂಡವರ ಅಜಾಗ್ರತೆಯಿಂದ ಏನಾದ್ರೂ ಕೆಟ್ಟಿದ್ರೆ ಅವರೇ ಹೊಣೆ."

ಈಗ ನೋಡಿ ಯುದ್ಧ ಎಂದುಕೊಂಡೆ. ಸಹಜ ಅಂದರೆ ಎಷ್ಟು, ಅಜಾಗ್ರತೆ ಅಂದರೆ ಯಾವುದು ಎಂದು ಸಂಜೆಯವರೆಗೆ ಜಗ್ಗಾಡಬಹುದಾದ ವಿಷಯ! ಮಾವ, "ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. ಟವಲಿನ ಅಂಚು ಹಿಸುಕಿದರು.

"ಎಲ್ಲಿ ಕೈಯೆಳುತ್ತು ಹಾಕ್ಬೇಕು?" ಎಂದು ಸಹಿಗೆ ಪೆನ್ನು ತೆಗೆದುಕೊಂಡರು.

ಮುಂದಿನ ಭಾನುವಾರ ಕಾರಮಡೈಗೆ ಹೊರಟೆವು. ಓಡಿಸುತ್ತಿದ್ದವಳು ನಾನು. ಅತ್ತೆ ಹಿಂದೆ ದಿಂಬು ಒರಗಿ ಕುಳಿತಿದ್ದರು. ಮಾವ ನನ್ನ ಪಕ್ಕ ಕುಳಿತು ಒಂದೊಂದು ಹಂಪಿಗೂ ತಿರುಗಿ "ನೋವಾ?" ಎಂದು ಕೇಳುತ್ತಿದ್ದರು. "ಇಲ್ಲೆ." "ಈಗ?" "ಇಲ್ಲೆಂಗ." ಸೂಲೂರು ದಾಟಿತು. ಕೊಯಮತ್ತೂರು ದಾಟಿತು. ಮೇಟುಪಾಳ್ಯಂ ರಸ್ತೆಯಲ್ಲಿ ಮಾವ ಕೇಳಿದಾಗ ಹಿಂದಿನಿಂದ ಉತ್ತರ ಬರಲಿಲ್ಲ. ಅತ್ತೆಗೆ ನಿದ್ದೆ ಬಂದಿತ್ತು.

"ಮಾವ, ಆ ಷರತ್ತಿಗೆ ನೀವು ಯಾಕೆ ಏನೂ ಕೇಳಲಿಲ್ಲ?" ಎಂದೆ, ಸುಮ್ಮನೆ ಮಾತಿಗೆ.

ಮಾವ ಕಿಟಕಿಯ ಕಡೆ ತಿರುಗಿದರು. "ನಿಮ್ಮ ತಾತ ಅವಳನ್ನ ನನ್ನ ಕೈಲಿ ಕೊಟ್ಟಾಗ ಒಂದು ಗೀರು ಇರ್ಲಿಲ್ಲ ಅಮ್ಮಿಣಿ. ಆ ನೂಲು ಮೂಟೆ ಕಥೆಗೆ ನೀವೆಲ್ಲ ನಗ್ತೀರಲ್ಲ. ನಾ ಜಗಳ ಆಡಿ ಪೇಟೆಗೆ ಹೋದ್ಮೇಲೆ ಮೂಟೆ ಒಳಗೆ ಹೊತ್ತಿದ್ದು ಯಾರು ಅಂದ್ಕೊಂಡೆ?"

ಎಷ್ಟು ಸಲ ಕೇಳಿದ್ದೆ ಆ ಕಥೆಯನ್ನು! ಮೂಟೆಗಳು ತಾವಾಗಿಯೇ ನಡೆದು ಒಳಗೆ ಹೋಗುತ್ತವೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕಾರು ಒಂದು ಹಂಪು ಹತ್ತಿ ಇಳಿಯಿತು. ಇಬ್ಬರೂ ಒಟ್ಟಿಗೆ ಹಿಂದೆ ನೋಡಿದೆವು. ಅತ್ತೆ ಮಲಗಿಯೇ ಇದ್ದರು.

ಅಜ್ಜಿಯನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಇಡೀ ಮುಖ ಕಂಡದ್ದು ಎಷ್ಟೋ ತಿಂಗಳ ಮೇಲೆ! ಅತ್ತೆ ನಿಧಾನವಾಗಿ ಇಳಿದು ಹೋಗಿ ಅವಳ ಮುಂದೆ ನಿಂತರು. ಅಜ್ಜಿ ಮಗಳನ್ನು ತಿರುಗಿಸಿ ನಿಲ್ಲಿಸಿ, ಕತ್ತಿನಿಂದ ಸೊಂಟದವರೆಗೆ ಬೆನ್ನಿನ ಮೇಲೆ ಕೈಯಾಡಿಸಿದಳು. ಹೊಲಿಗೆ ಹಾಕಿದ ಜಾಗದಲ್ಲಿ ಬೆರಳು ನಿಂತಿತು. ಹೋಗಿ ಬಂದು ಅಲ್ಲೇ ನಿಂತಿತು. ಮಾವ ಟವಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು, ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನಿಂತಿದ್ದರು. ಯಾವ ಬೆಲೆ ಹೇಳಿದರೂ ಒಪ್ಪಿಕೊಳ್ಳಲು ಬಂದವರ ಹಾಗೆ ಇದ್ದರು ನಮ್ಮ ಮಾವ.

ಅಜ್ಜಿ ತಲೆಯೆತ್ತಿ ಅವರನ್ನು ನೋಡಿದಳು.

"ನೀ ಯಾಕಪ್ಪ ಇಷ್ಟು ಇಳ್ದೋಗಿದ್ದೀಯ?" ಎಂದಳು. "ಅವಳನ್ನ ನೋಡ್ಕೊಂಡು ನೀ ಸರಿಯಾಗಿ ಉಣ್ಣಲಿಲ್ವಾ?"

ಶನಿಯ ಹತ್ತಿರವೂ ಚೌಕಾಸಿ ಮಾಡಿದ ಮಾವ ತಿರುಗಿ ಕಾರಿನ ಹತ್ತಿರ ಹೋದರು. ಧೂಳೇ ಇಲ್ಲದ ಆ ಬಾನೆಟ್ಟನ್ನು ಟವಲಿನಿಂದ ಒರೆಸುತ್ತಾ, ಒಳಗಿನಿಂದ ಅತ್ತೆ ಊಟಕ್ಕೆ ಕರೆಯುವವರೆಗೂ ನಮಗೆ ಬೆನ್ನು ಮಾಡಿಕೊಂಡು ನಿಂತಿದ್ದರು.