ಕೆಂಪರಾಜು ಭಾನುವಾರ ಮನೆ ಕೊಂಡದ್ದು

“ಒಂದೇ ಭಾನುವಾರ, ಕೋಮಲಾ! ಬೆಳಿಗ್ಗೆ ಹೊರಡೋದು, ಮನೆ ನೋಡೋದು, ಸಾಯಂಕಾಲದೊಳಗೆ ಮಾತು ಮುಗಿಸೋದು!” ಎಂದು ಕೆಂಪರಾಜು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಕ್ರವರ್ತಿಯಂತೆ ಕುಳಿತು ಸಾರಿದ.

ಈ ಧೈರ್ಯವೆಲ್ಲ ಟಿ.ವಿ. ಕೊಟ್ಟದ್ದು. ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನು ಊಟದ ತಟ್ಟೆ ಹಿಡಿದು ನೋಡುತ್ತಿದ್ದದ್ದು ಮನೆ ಕೊಳ್ಳುವವರ ಕಾರ್ಯಕ್ರಮವೊಂದನ್ನೇ. ಅದರಲ್ಲಿ ಗಂಡ ಹೆಂಡತಿ ನಗುನಗುತ್ತ ಮೂರು ಮನೆ ಹೊಕ್ಕು ಹೊರಬರುತ್ತಾರೆ, “ಆಹಾ, ಎಂಥ ಬೆಳಕು!” ಎಂದು ಕೈ ಚಾಚುತ್ತಾರೆ, ಜಾಹೀರಾತು ಮುಗಿಯುವಷ್ಟರಲ್ಲಿ ಬೀಗದ ಕೈ ಅವರದಾಗಿರುತ್ತದೆ!

ಪಾಪ, ಅವನಿಗೆ ಮನೆಯ ಅವಸರ ನಿಜವಾಗಿಯೇ ಇತ್ತು. ಅವಲಪಲ್ಲಿಯಲ್ಲಿ ಅವರು ಬಾಡಿಗೆಗಿದ್ದ ಮನೆಯ ಒಡತಿ ಬೈರಮ್ಮ, “ಮನೆ ಮಾರ್ಬುಡ್ತೀನಿ ಕಣಪ್ಪ, ಯುಗಾದಿಗೆ ಖಾಲಿ ಮಾಡ್ಕೊಡು” ಎಂದುಬಿಟ್ಟಿದ್ದಳು.

ಭಾನುವಾರ ಗಂಡ ಹೆಂಡತಿ ಪಕ್ಕದ ಬೀದಿಯ ಸೊಣ್ಣಪ್ಪನ ಮನೆ ನೋಡಲು ಹೋದರು. ಟಿ.ವಿ.ಯ ಮನೆಗಳು ಖಾಲಿಯಾಗಿ ಥಳಥಳಿಸುತ್ತಿದ್ದವು. ಇಲ್ಲಿಯೋ, ಹಜಾರದ ತುಂಬ ಹುಣಸೆಹಣ್ಣು ಹರಡಿತ್ತು. ಅದರಾಚೆಗೆ ಸೊಣ್ಣಪ್ಪನ ಅತ್ತೆ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಮೂಲೆಯ ಕುಕ್ಕೆಯಲ್ಲಿ ಕೋಳಿಯೊಂದು ಕಾವು ಕೂತು ಬಂದವರನ್ನು ದುರುಗುಟ್ಟಿ ನೋಡುತ್ತಿತ್ತು. ಟಿ.ವಿ.ಯಲ್ಲಿ ಮನೆ ತೋರಿಸುವಾಗ ಮನೆಯವರೆಲ್ಲ ಎಲ್ಲಿಗೆ ಹೋಗಿರುತ್ತಾರೆ? ಕೆಂಪರಾಜುವಿಗೆ ಮೊದಲ ಸಲ ಗೊಂದಲವಾಯಿತು.

“ಬನ್ನಿ ಸಾ, ಹುಣ್ಸೆಣ್ಣು ತುಳೀದಂಗೆ ಬನ್ನಿ. ಪಟ್ಟಾ ನನ್ನೆಸರಲ್ಲೇ ಐತೆ, ಒಂದು ತಕರಾರೂ ಇಲ್ಲ” ಎಂದ ಸೊಣ್ಣಪ್ಪ. ಮಾತು ಗಟ್ಟಿಯಾದರೆ ಎಲೆ ಅಡಿಕೆ ಬದಲಾಯಿಸಬೇಕಲ್ಲ, ಅವನ ಹೆಂಡತಿ ಸಾಕಮ್ಮ ತಾಂಬೂಲದ ತಟ್ಟೆಯನ್ನು ಆಗಲೇ ಅಣಿ ಮಾಡಿ ಇಟ್ಟಿದ್ದಳು.

ಅಡುಗೆಮನೆಯ ಕಿಟಕಿಯ ಬಳಿ ಬಂದದ್ದೇ ತಡ, ಕೆಂಪರಾಜುವಿನ ಕೈ ತಾನಾಗಿ ಚಾಚಿತು. “ಆಹಾ, ಎಂಥ ಬೆಳಕು! ಇಲ್ಲಿ ನಿಂತು ಕಾಫಿ ಕುಡಿಯೋರಿಗೆ ಸ್ವರ್ಗ ಯಾಕ್ರೀ ಬೇಕು?”

ಕೋಮಲಾ ಅವನ ತೋಳು ಚಿವುಟಿದಳು. ಆ ಕಿಟಕಿಯ ಮುಂದೆ ನಿಂತು ಜೀವಮಾನವಿಡೀ ಹಾಲು ಉಕ್ಕುವುದನ್ನಷ್ಟೇ ಕಂಡಿದ್ದ ಸಾಕಮ್ಮ, ತಿರುಗಿ ಕಿಟಕಿಯನ್ನು ನೋಡಿದಳು.

ಹಿತ್ತಿಲಿಗೆ ಬಂದ ಮೇಲಂತೂ ಕೆಂಪರಾಜುವನ್ನು ಹಿಡಿಯುವವರಿಲ್ಲ. “ಈ ಬೇವಿನ ಮರದ ನೆರಳು! ಈ ಗಾಳಿ! ಇಲ್ಲೊಂದು ಉಯ್ಯಾಲೆ ಕಟ್ಟಿ ಕೂತರೆ ಮೈಸೂರು ಮಹಾರಾಜರೂ ಹೊಟ್ಟೆಕಿಚ್ಚು ಪಡಬೇಕು! ಇಂಥ ಮನೆ ಇಡೀ ಹೊಸೂರಿನಲ್ಲೇ ಇಲ್ಲ!”



“ಇಡೀ ಹೊಸೂರಲ್ಲೇ ಇಲ್ವಾ?” ಎಂದಳು ಸಾಕಮ್ಮ.

“ಇಲ್ಲವೇ ಇಲ್ಲಮ್ಮ!”

“ಕೇಳುಸ್ಕೊಂಡ್ರಾ?” ಎಂದು ಆಕೆ ಗಂಡನ ಮೇಲೆ ತಿರುಗಿಬಿದ್ದಳು. “ಇಂಥಾ ಮನೆ ಮಾರ್ಬುಟ್ಟು ಬೆಂಕಿಪೊಟ್ಣದಂಥ ಫ್ಲ್ಯಾಟಿಗೆ ಹೋಗಾಣ ಅಂತ ಕುಣೀತಿದ್ರಲ್ಲಾ!”

“ನಂಗೇನ್ ಗೊತ್ತಿತ್ತಮ್ಮೀ? ಇವ್ರು ಹೇಳೋಗಂಟ ಇಲ್ಲಿ ಬೆಳಕೈತೆ ಅಂತ್ಲೇ ತಿಳೀನಿಲ್ಲ” ಎಂದು ಸೊಣ್ಣಪ್ಪ ಕೈ ಮುಗಿದ. “ತಪ್ಪು ತಿಳ್ಕಬೇಡಿ ಸಾ, ನಾವು ಮಾರಾಕಿಲ್ಲ. ಅದ್ಸರಿ, ಉಯ್ಯಾಲೆ ಯಾವ ಕಡೆ ಕಟ್ಬೇಕು ಅಂದ್ರಿ?”

ತಾಂಬೂಲದ ತಟ್ಟೆ ಬಂದ ದಾರಿಯಲ್ಲೇ ಒಳಗೆ ಹೋಯಿತು.

ಬೀದಿಗೆ ಬಂದೊಡನೆ ಕೋಮಲಾ ಸಿಡಿದಳು. “ಬದನೆಕಾಯಿ ಕೊಳ್ಳುವಾಗ್ಲೂ ಜನ ಹುಳುಕು ಹುಡುಕ್ತಾರೆ! ಕೊಳ್ಳೋಕೆ ಹೋಗಿ ಹೊಗಳಿದೋರು ಪ್ರಪಂಚದಲ್ಲಿ ನೀವೊಬ್ರೇ! ಇನ್ಮೇಲೆ ಯಾವ ಮನೆ ಆದ್ರೂ ಕೊರತೆ ಹೇಳ್ಬೇಕು, ತಿಳೀತಾ?”

“ತಿಳೀತು” ಎಂದ ಕೆಂಪರಾಜು. ಮಾತು ಅವನ ಮನಸ್ಸಿನಲ್ಲಿ ಶಿಲಾಶಾಸನವಾಯಿತು.

ಸಂಜೆ ಬೈರಮ್ಮ ಸೆರಗಿನಡಿಯಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. “ಯೋಚ್ನೆ ಮಾಡ್ದೆ ಕಣಪ್ಪ. ಜೂಜುವಾಡಿ ಊರ್ನ ನೆಂಟ್ರು ಈ ಮನೇನ ಕೇಳ್ತಾವ್ರೆ. ಆದ್ರೂ ಇಷ್ಟು ವರ್ಸ ಇದ್ದೋರು ನೀವು. ನೀವೇ ತಕಂಡ್ರೆ ಎಂಗೆ? ಮನೆ ಮನ್ಸಿಗೆ ಹಿಡಿಸೈತಾ?”

ಕೋಮಲಾಳ ಮುಖ ಅರಳಿತು. ಕೆಂಪರಾಜು ಮಾತ್ರ ಹೊಸ ಪಾಠವನ್ನು ನೆನೆದು, ನ್ಯಾಯಾಧೀಶನಂತೆ ಕೆಮ್ಮಿದ.

“ಏನು ಮನೆ ಬಿಡಿ, ಬೈರಮ್ಮನೋರೆ! ಅಡುಗೆಮನೇಲಿ ಇಬ್ಬರು ನಿಂತರೆ ಉಸಿರಾಡೋಕೆ ಜಾಗ ಇಲ್ಲ. ಮಳೆ ಬಂದರೆ ಪಾತ್ರೆಯೆಲ್ಲ ನೆಲದ ಮೇಲೆ!”

ಬೈರಮ್ಮನ ಕಣ್ಣು ಒದ್ದೆಯಾದದ್ದನ್ನು ಕಂಡು ಕೋಮಲಾ ಗಂಡನ ತೋಳು ಚಿವುಟಿದಳು. ಹುರಿದುಂಬಿಸುತ್ತಿದ್ದಾಳೆಂದು ತಿಳಿದ ಆ ಮಹಾನುಭಾವ ದನಿ ಏರಿಸಿದ. “ಗಾಳಿ ಇಲ್ಲ, ನೀರಿಲ್ಲ, ಸೊಳ್ಳೆ ಮಾತ್ರ ಧಾರಾಳ! ಇದು ಮನೆಯೇ?”

“ಅಯ್ಯೋ ನನ್ನಪ್ಪಾ! ಇಷ್ಟೊಂದು ಕಷ್ಟ ಇಟ್ಕೊಂಡು ಒಂದ್ ಮಾತೂ ಆಡ್ನಿಲ್ಲವಲ್ಲಾ!” ಎಂದು ಬೈರಮ್ಮ ಕಣ್ಣೊರೆಸಿಕೊಂಡಳು. “ಇಂಥಾ ಮನೇನ ನಿನ್ ಕುತ್ಗೆಗೆ ಕಟ್ಟಿ ನಾನು ಪಾಪ ಕಟ್ಕಳ್ಳಲಾ? ಜೂಜುವಾಡಿಯೋರಿಗೇ ಕೊಡ್ತೀನಿ ಬುಡು.”

“ಇಲ್ಲ, ಇಲ್ಲ! ಗಾಳಿ ಚೆನ್ನಾಗಿದೆ! ಬೆಳಕಂತೂ, ಆಹಾ...”

“ನಂಗೆ ನೋವಾಗ್ತದೆ ಅಂತ ಸುಳ್ಳೇಳ್ಬೇಡ ಮಗಾ. ನೀನು ಒಳ್ಳೇವ್ನು.”

ಅವನ ಕೆನ್ನೆ ಸವರಿ ಬೈರಮ್ಮ ಹೊರಟಳು. ಬಾಗಿಲಲ್ಲಿ ಸೆರಗು ಜಾರಿತು. ಅದರಡಿಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು!

ಕೆಂಪರಾಜು ಕುರ್ಚಿಯಲ್ಲಿ ಕುಸಿದ. “ಹೊಗಳಿದರೆ ಅವರೇ ಇಟ್ಟುಕೊಂಡರು. ತೆಗಳಿದರೆ ಬೇರೆಯವರಿಗೆ ಕೊಟ್ಟರು. ಹಾಗಾದರೆ ಮನೆ ಕೊಳ್ಳೋಕೆ ಏನು ಹೇಳ್ಬೇಕೇ?”

ಕೋಮಲಾ ಟಿ.ವಿ. ಹಾಕಿ, ರಿಮೋಟನ್ನು ಅವನ ಕೈಯಲ್ಲಿಟ್ಟಳು. “ಮುಂದಿನ ಮನೆ ನೋಡೋಕೆ ನಾನೊಬ್ಬಳೇ ಹೋಗ್ತೀನಿ. ನಿಮಗೆ ಏನೇನು ಹೇಳ್ಬೇಕು ಅನ್ಸುತ್ತೋ, ಇದರ ಮುಂದೆ ಕೂತು ಹೇಳಿ!”