ಗೇಟಿನಾಚೆ ಇರೋದೆಲ್ಲ ನಿಮ್ಮದೇ!

"ಈ ಭಾನುವಾರ ಸಂಜೆಯೊಳಗೆ ನಮ್ಮ ಬೀದೀನ ಒಂದೇ ಮನೆ ಮಾಡ್ದೆ ಹೋದ್ರೆ, ಇನ್ಮೇಲೆ ನಾನು ಹಲ್ಲು ಕೀಳೋದನ್ನೇ ಬಿಟ್ಬಿಡ್ತೀನಿ!"

ಹಲ್ಲಿನ ಡಾಕ್ಟರು ಹೀಗೆ ಘೋರ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತದೆಯೇ, "ಬಿಟ್ಬಿಡಿ. ಬೀದಿ ಒಂದಾಗೋಕೆ ಅಷ್ಟೇ ಸಾಕು," ಎಂದರು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ವರ್ಷಗಟ್ಟಲೆ ಅದೇ ಬೀದಿಯಲ್ಲಿದ್ದರೂ ಡಾಕ್ಟರಿಗೆ ನೆರೆಹೊರೆಯವರ ದವಡೆಗಳ ಪರಿಚಯವಿತ್ತೇ ಹೊರತು ಮನೆಗಳದ್ದಿರಲಿಲ್ಲ. ಅವರು ಎದುರಾದರೆ ಸಾಕು, ಜನ ಬಾಯಿ ಬಿಗಿಹಿಡಿದು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಊರಿನವರ ಹಲ್ಲುನೋವಿಗೆಲ್ಲ ಡಾಕ್ಟರ ಹತ್ತಿರ ಮದ್ದಿತ್ತು, ಈ ನೋವಿಗಿರಲಿಲ್ಲ. ಗಾಯಕ್ಕೆ ಉಪ್ಪು ಸವರಲು ಅತ್ತೆ ಬೇರೆ! ಫೋನು ಮಾಡಿದಾಗಲೆಲ್ಲ, "ಅಳಿಯಂದ್ರೇ, ನಿಮ್ಮನ್ನ ಒಂದು ದಿನವಾದ್ರೂ ಯಾರಾದ್ರೂ ಊಟಕ್ಕೆ ಕರೆದ್ರಾ?" ಎಂದು ಚುಚ್ಚುತ್ತಿದ್ದರು. ಆ ಅತ್ತೆ ಅದೇ ಭಾನುವಾರ ಊಟಕ್ಕೆ ಬರುವವರಿದ್ದರು.

ಹಾಗಾಗಿ ಅದೇ ದಿನ ಮನೆ ಮುಂದಿನ ಬೀದಿಯಲ್ಲಿ ವಿನಿಮಯ ಮೇಳ! ಮನೆಯಲ್ಲಿ ಬೇಡವಾದದ್ದನ್ನು ತನ್ನಿ, ಬೇಕಾದದ್ದನ್ನು ಒಯ್ಯಿರಿ. ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ, ಬಂದವರು ಬರಿಗೈಯಲ್ಲಿ ಹೋಗುವಂತಿಲ್ಲ.

"ನಾನು ಸ್ಟೇಷನ್ನಿಗೆ ಹೋಗಿ ಅಮ್ಮನ್ನ ಕರ್ಕೊಂಡು ಬರ್ತೀನಿ," ಎಂದರು ಹೆಂಡತಿ, ಭಾನುವಾರ ಹೊರಡುತ್ತ. "ಅಡುಗೆ ಆಗಿದೆ. ಅಮ್ಮ ಕೊಟ್ಟ ಊಟದ ಮೇಜನ್ನ ಒರೆಸಿಡಿ. ನಾನು ಬರೋ ಹೊತ್ತಿಗೆ ಮನೆ ಮನೆ ಥರ ಇರ್ಲಿ!"

ಡಾಕ್ಟರು ಒರೆಸಿದರು. ಮೇಜು ಎಷ್ಟು ಚೆಂದ ಹೊಳೆಯಿತೆಂದರೆ, ಮೇಳದ ಸಾಮಾನು ಜೋಡಿಸಲು ಇದಕ್ಕಿಂತ ಒಳ್ಳೆಯ ಪೀಠ ಭೂಮಂಡಲದಲ್ಲೇ ಇಲ್ಲವೆನಿಸಿತು. ಗೇಟಿನಾಚೆಗೆ ಎಳೆದು ತಂದರು. ಮುದುಕರಿಗೆ ಕೂರಲು ಕುರ್ಚಿಗಳು ಬೇಡವೇ? ಅವೂ ಬಂದವು. ಬೆತ್ತದ ಆರಾಮ ಕುರ್ಚಿ, ಸ್ಟೂಲು, ಎಲ್ಲವೂ ಮೆರವಣಿಗೆ ಹೊರಟವು.

ಜನ ಬಂದರು! ದೀಪ ತಂದರು, ಹೂಕುಂಡ ತಂದರು, ಗಿಳಿಯಿಲ್ಲದ ಪಂಜರ ತಂದರು. ಯಾವತ್ತೂ ಮುಖ ಕೊಡದವರೆಲ್ಲ ಹಲ್ಲು ಬಿಟ್ಟು ನಕ್ಕರು. ಅದರಲ್ಲಿ ಎರಡು ಹುಳುಕು ಕಂಡರೂ ಡಾಕ್ಟರು ಧರ್ಮರಾಯನಂತೆ ಸುಮ್ಮನಿದ್ದರು. ಉತ್ಸಾಹ ಉಕ್ಕಿ ಹರಿಯಿತು. ಮೈಕು ಹಿಡಿದು ಕೂಗಿದರು: "ಸಂಕೋಚ ಬೇಡ! ಈ ಗೇಟಿನಾಚೆ ಇರೋದೆಲ್ಲ ನಿಮ್ಮದೇ!"

ಚಪ್ಪಾಳೆಯೋ ಚಪ್ಪಾಳೆ! ಜನ ಮಾತು ಕೇಳುವುದಿಲ್ಲವೆಂದು ಯಾರು ಹೇಳಿದರು? ಅಕ್ಷರಶಃ ಕೇಳಿದರು.

ಮೇಳ ಮುಗಿದಾಗ ಗೇಟಿನಾಚೆ ಪಂಜರ ಒಂದೇ ಉಳಿದಿತ್ತು.

"ಮೇಜೆಲ್ಲಿ?" ಡಾಕ್ಟರು ಪಂಜರದ ಹಿಂದೆಲ್ಲ ಹುಡುಕಿದರು.

ಹೂವಿನಂಗಡಿಯಾಕೆ ಕಣ್ಣರಳಿಸಿದಳು. "ಮೂರನೇ ಮನೆ ಬಸ್ ಡ್ರೈವರಣ್ಣ ಹೊತ್ಕೊಂಡು ಹೋದ್ರಲ್ಲ! ನೀವೇ 'ಹುಷಾರು, ಕಾಲು ತಗುಲೀತು' ಅಂತ ದಾರಿ ಬಿಡಿಸಿದ್ರಿ!"

ಡಾಕ್ಟರು ಎದ್ದೆನೋ ಬಿದ್ದೆನೋ ಎಂದು ಓಡಿದರು. ಡ್ರೈವರನ ಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ನಾಲ್ಕು ಬದಿಗೂ ಅವನ ನಾಲ್ವರು ಹೆಣ್ಣುಮಕ್ಕಳು ನಿಂತು, ಪುಸ್ತಕ ಹರಡಿಕೊಂಡು ಬರೆಯುತ್ತಿದ್ದರು.

"ಬನ್ನಿ ಡಾಕ್ಟ್ರೇ!" ಡ್ರೈವರನ ಮುಖ ಊರಗಲವಾಯಿತು. "ಇಷ್ಟು ದಿನ ಒಬ್ಳು ಕಿಟಕೀಲಿ, ಒಬ್ಳು ಮೆಟ್ಟಿಲ ಮೇಲೆ. ನಾಲ್ಕೂ ಜನ ಒಂದೇ ಕಡೆ ಬರೀತಿರೋದು ಇವತ್ತೇ ಮೊದಲು. ಕುರ್ಚಿ ಬೇರೆಯವರ ಪಾಲಾಯ್ತು, ಹೋಗ್ಲಿ ಬಿಡಿ."

ಕಿರಿಯವಳು ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದಳು: "ಅಂಕಲ್, ಇದನ್ನ ವಾಪಸ್ ಕೊಡ್ಬೇಕಾ?"

ಡಾಕ್ಟರು ಅವಳ ತಲೆ ಸವರಿದರು. "ಛೇ! ಹಾಗಂತ ಯಾರಮ್ಮ ಹೇಳಿದ್ದು?" ಎಂದು ಬರಿಗೈಯಲ್ಲಿ ತಿರುಗಿದರು.

ಮನೆಯಲ್ಲಿ ಹೆಂಡತಿ ಬಟಾಬಯಲಾದ ಕೋಣೆಯ ನಡುವೆ ನಿಂತಿದ್ದರು; ಹಿಂದೆ ಅತ್ತೆ, ಚೀಲ ಇಡಲು ಜಾಗ ಹುಡುಕುತ್ತ.

"ಕಳ್ಳರು ಬಂದಿದ್ರಾ?"

"ಇಲ್ಲ ಕಣೇ... ನೆರೆಹೊರೆಯವರು."

"ಈಗ ಅಮ್ಮ ಎಲ್ಲಿ ಕೂತು ಊಟ ಮಾಡ್ಬೇಕು? ನಿಮ್ಮ ತಲೆ ಮೇಲಾ?"

ಡಾಕ್ಟರ ಪೆಚ್ಚುಮೋರೆ ಕಂಡು ಅವರ ಹಿಂದೆಯೇ ಬಂದಿದ್ದ ಡ್ರೈವರನಿಗೆ ಆಗ ಎಲ್ಲವೂ ಅರ್ಥವಾಯಿತು. ನಾಲಿಗೆ ಕಚ್ಚಿಕೊಂಡ. ಆಮೇಲೆ ಅಡುಗೆಯ ದೊಡ್ಡ ಪಾತ್ರೆಯನ್ನೇ ಎತ್ತಿಕೊಂಡ. "ಮೇಜು ಎಲ್ಲಿದ್ಯೋ ಊಟ ಅಲ್ಲೇ! ನಡೀರಿ ಅಮ್ಮ!"

ಸುದ್ದಿಗೆ ಕಾಲು ಬಂತು. ನೆರೆಹೊರೆಯವರು ಒಬ್ಬೊಬ್ಬರಾಗಿ ಡ್ರೈವರನ ಮನೆಗೆ ಬಂದರು, ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಕುರ್ಚಿ. ಹೂವಿನಂಗಡಿಯಾಕೆ ಸ್ಟೂಲು ತಂದಳು. ಕ್ಷೌರಿಕ ಬೆತ್ತದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ಅತ್ತೆಗೆ ಹಾಕಿದ. ಅತ್ತೆ ಮೇಜನ್ನು ನೋಡಿದರು, ನಾಲ್ವರು ಹುಡುಗಿಯರನ್ನು ನೋಡಿದರು, ಅಳಿಯನನ್ನು ನೋಡಿದರು. ಮೇಜನ್ನೊಮ್ಮೆ ಅಂಗೈಯಿಂದ ಸವರಿ ಕೂತರು.

ನಗು, ಗಲಾಟೆ, ತಟ್ಟೆಗಳ ಸದ್ದು! ಬೀದಿಗೆ ಬೀದಿಯೇ ಒಂದು ಕೋಣೆಯಲ್ಲಿ! ಡಾಕ್ಟರ ಎದೆ ಬಲೂನಿನಂತೆ ಉಬ್ಬಿತು. ತಟ್ಟೆ ಹಿಡಿದು, ಗತ್ತಿನಿಂದ ಕೂರಲು ಜಾಗ ನೋಡಿದರು. ಆ ಬದಿ ನೋಡಿದರು, ಈ ಬದಿ ನೋಡಿದರು. ತಮ್ಮದೇ ಕುರ್ಚಿಗಳು, ಎಲ್ಲವೂ ಭರ್ತಿ!

ಅತ್ತೆ ತುತ್ತು ನುಂಗಿ, ತಲೆಯಾಡಿಸಿ, ಎಲ್ಲರಿಗೂ ಕೇಳುವಂತೆ ಅಂದರು:

"ಏನ್ ಅಳಿಯಂದ್ರೇ ನೀವು! ಅಷ್ಟು ಪ್ರೀತಿಯಿಂದ ಊಟಕ್ಕೆ ಕರೆದಿದಾರೆ, ಎಲ್ರೂ ಅವರವರ ಕುರ್ಚಿ ಹಿಡ್ಕೊಂಡು ಬಂದಿದಾರೆ. ನೀವೊಬ್ರೇ ಕೈ ಬೀಸ್ಕೊಂಡು ಬರೋದಾ?"